ತುಪ್ಪ ಕುಡಿದ ಬೇರಿಂಗು

ಮೊನ್ನೆ ಮೊಮ್ಮಗಳ ಹೊಸ ಮನೆಯ ಹೋಮಕ್ಕೆ ಕೂತಿದ್ದೆ. ಪುರೋಹಿತರದು ನಡುಗುವ ಕೈ. ಸೌಟಿನ ತುಪ್ಪ ಅರ್ಧ ಬೆಂಕಿಗೆ ಬಿದ್ದರೆ ಅರ್ಧ ಕುಂಡದ ಸುತ್ತಿನ ಕಬ್ಬಿಣದ ಪಟ್ಟಿಯ ಮೇಲೆ ಬಿತ್ತು. ಕಾದ ಕಬ್ಬಿಣದ ಮೇಲೆ ತುಪ್ಪ ಸುಟ್ಟ ವಾಸನೆ ಎದ್ದಿತು. ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದರು. ನಾನು ಮಾತ್ರ ದಡಕ್ಕನೆ ಎದ್ದು ನಿಂತುಬಿಟ್ಟೆ. "ಏನಾಯ್ತು ತಾತ, ಕಣ್ಣಿಗೆ ಹೊಗೆ ಹೋಯ್ತಾ?" ಎಂದಳು ಮೊಮ್ಮಗಳು. ಹೂಂ ಎಂದು ಕೂತೆ. ಎಲ್ಲೋ ಒಂದು ಯಂತ್ರದ ಶಾಫ್ಟು ಕಾದು ಕಚ್ಚಿಕೊಳ್ಳುತ್ತಿದೆ, ಓಡಿಹೋಗಿ ನೀರಿನ ತೂಬು ಮುಚ್ಚಬೇಕು ಎಂದು ಕಾಲುಗಳು ತಾವಾಗಿ ಎದ್ದಿದ್ದವು. ಅದನ್ನೆಲ್ಲ ಆ ಹೊಗೆಯಲ್ಲಿ ಅವಳಿಗೆ ಹೇಳುವುದು ಹೇಗೆ?

ಆ ವಾಸನೆ ನನ್ನ ಮೂಗಿಗೆ ಹತ್ತಿದ್ದು ನೀಲಗಿರಿಯಲ್ಲಿ, ನಡುವಟ್ಟದಿಂದ ಗೂಡಲೂರಿಗೆ ಇಳಿಯುವ ಘಾಟಿಯ ಮಗ್ಗುಲಿನ ಒಂದು ತೋಟದಲ್ಲಿ. ಯುರೋಪಿನಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ನನಗೆ ಮೂವತ್ತರ ಆಚೀಚೆ ವಯಸ್ಸು. ನಂಜನಗೂಡಿನ ಕಡೆ ಗಾಡಿ ಮಾಡುವ ಆಚಾರಿಗಳ ಮನೆಯಲ್ಲಿ ಹುಟ್ಟಿ, ಮರ ಬಿಟ್ಟು ಕಬ್ಬಿಣ ಹಿಡಿದು, ಫಿಟರ್ ಎನ್ನಿಸಿಕೊಂಡು ಮೆರೆಯುತ್ತಿದ್ದೆ. ಅಪ್ಪ ಬಾಚಿ ಹಿಡಿದು ಹೊಟ್ಟಿನ ನಡುವೆ ಕೂರುವುದು ನನ್ನ ಕಣ್ಣಿಗೆ ತೀರ ಹಳ್ಳಿಯ ಕೆಲಸವಾಗಿ ಕಾಣುತ್ತಿತ್ತು. ಒಂದು ಮಳೆಗಾಲದ ಮಟ್ಟಿಗೆ ಗಿರಣಿ ನೋಡಿಕೊಳ್ಳಲು ಜನ ಬೇಕು ಎಂದು ಆ ತೋಟದಿಂದ ಕರೆ ಬಂತು. ಕಂಬಳಿ ಕಟ್ಟಿಕೊಂಡು ಆಷಾಢದಲ್ಲಿ ಬೆಟ್ಟ ಹತ್ತಿದೆ.

ತೋಟದಲ್ಲಿದ್ದದ್ದು ಸಿಂಕೋನ. ಜನ ಅದನ್ನು ಕೊಯಿನಾ ಮರ ಎನ್ನುತ್ತಿದ್ದರು. ಅದರ ತೊಗಟೆ ಸುಲಿದು, ಒಣಗಿಸಿ, ಪುಡಿ ಮಾಡಿದರೆ ಚಳಿಜ್ವರಕ್ಕೆ ಮದ್ದು. ಆ ವರ್ಷ ಒಳ್ಳೆಯ ಕೊಯಿನಾ ಮಾತ್ರೆಯೆಲ್ಲ ದಂಡಿನ ಸಿಪಾಯಿಗಳಿಗೆ ಹೋಗುತ್ತಿತ್ತು. ಕೆಳಗಿನ ಗೂಡಲೂರು, ದೇವಾಲದ ಕೂಲಿ ಲೈನುಮನೆಗಳು, ಆ ಕಡೆ ಮಸಿನಗುಡಿಯ ಕಾಡಂಚಿನ ಹಟ್ಟಿಗಳು ಎಲ್ಲಕ್ಕೂ ನಮ್ಮ ಗಿರಣಿಯ ಕಹಿ ಪುಡಿಯೇ ಗತಿ. ತೋಟದ ದೊರೆ ಯುದ್ಧಕ್ಕೆ ಹೋಗಿದ್ದರು. ಅವರ ಜಾಗದಲ್ಲಿ ಲೆಕ್ಕ ಬರೆಯುವ ರೈಟರ್ ನಾಯರ್ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಒಣಕಲು ಮನುಷ್ಯ. ಕಂಕುಳಲ್ಲಿ ಸದಾ ಕೊಡೆ. ಸಿಡುಕಿದರೂ ಕೆಟ್ಟವರಲ್ಲ.

ಗಿರಣಿ ಒಂದು ಹಳ್ಳದ ಪಕ್ಕದಲ್ಲಿತ್ತು. ಹಳ್ಳದ ನೀರು ದೊಡ್ಡ ಚಕ್ರವನ್ನು ತಿರುಗಿಸುತ್ತಿತ್ತು, ಚಕ್ರದ ನಡುವಿನ ಕಬ್ಬಿಣದ ದಂಡ, ಅಂದರೆ ಶಾಫ್ಟು, ಗೋಡೆ ತೂರಿ ಒಳಗೆ ಬಂದು ತೊಗಟೆ ಅರೆಯುವ ಉರುಳೆಗಳನ್ನು ತಿರುಗಿಸುತ್ತಿತ್ತು. ಯಂತ್ರ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ತಿರುಗುವ ಶಾಫ್ಟು ಎಲ್ಲಾದರೂ ಒರಗಲೇಬೇಕು. ಅದು ಒರಗಿ ತಿರುಗುವ ಹಾಸಿಗೆಗೆ ಬೇರಿಂಗು ಎನ್ನುತ್ತಾರೆ. ಆ ಹಾಸಿಗೆ ಶಾಫ್ಟಿಗಿಂತ ಮೆತ್ತಗಿರಬೇಕು. ಉಜ್ಜಾಟದಲ್ಲಿ ಯಾರಾದರೂ ಒಬ್ಬರು ಸವೆಯಲೇಬೇಕಾದ್ದರಿಂದ ಹಾಸಿಗೆಯೇ ಸವೆಯಲಿ, ಅದನ್ನು ಬದಲಾಯಿಸಬಹುದು, ಶಾಫ್ಟು ಹೋದರೆ ಗಿರಣಿಯೇ ಹೋದಂತೆ. ಆದರೆ ತೀರ ಮೆತ್ತಗಿದ್ದರೆ ಭಾರಕ್ಕೆ ಹಿಂಡಿಹೋಗುತ್ತದೆ. ಈ ಎರಡರ ನಡುವೆ ಯಾವ ವಸ್ತು, ಎಲ್ಲಿಗೆ ಯಾವುದು ಎಂದು ಆರಿಸುವುದರಲ್ಲೇ ಫಿಟರನ ಅರ್ಧ ಬುದ್ಧಿ ಖರ್ಚಾಗುತ್ತದೆ. ನಮ್ಮ ಗಿರಣಿಯಲ್ಲಿದ್ದದ್ದು ಇಂಗ್ಲೆಂಡ್ ಸೀಮೆಯಿಂದ ಬಂದ ಗನ್ ಮೆಟಲ್ ಬೇರಿಂಗು, ಅಂದರೆ ತಾಮ್ರಕ್ಕೆ ತವರ ಬೆರೆಸಿದ ಕಂಚು. ಅದಕ್ಕೆ ಸವರಲು ಒಂದು ಪೀಪಾಯಿ ತುಂಬ ದನದ ಕೊಬ್ಬು ಇಟ್ಟಿದ್ದರು.

ಬೇರಿಂಗಿಗೆ ಜಿಡ್ಡು ಹಾಕುವ ಕೆಲಸ ಬೋಜಣ್ಣನದು. ಐವತ್ತರ ಬಡಗ, ಎಮ್ಮೆ ಸಾಕಿ ಹೊಲ ಮಾಡುವ ಬೆಟ್ಟದ ಜನದವನು, ತಲೆಗೆ ಬಿಳಿ ಮುಂಡಾಸು, ಮೈಗೆ ಬಿಳಿ ಹೊದಿಕೆ. ಚಕ್ರದ ಹಳ್ಳ ಅವನ ಹೊಲ ದಾಟಿಕೊಂಡೇ ಬರಬೇಕಾದ್ದರಿಂದ, ನೀರಿಗೆ ಪ್ರತಿಯಾಗಿ ತೋಟದವರು ಅವನಿಗೆ ಗಿರಣಿಯಲ್ಲಿ ಕೆಲಸ ಕೊಟ್ಟಿದ್ದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬೇರಿಂಗು ಕಾದಿದೆಯೇ ಎಂದು ನೋಡಲು ನಾವೆಲ್ಲ ಅಂಗೈ ಇಡುತ್ತೇವೆ. ಅವನು ಕೈಯನ್ನು ಮಗುಚಿ, ಮಗುವಿನ ಹಣೆ ಮುಟ್ಟುವ ಹಾಗೆ ಬೆರಳ ಹಿಂಭಾಗ ಇಡುತ್ತಿದ್ದ. "ತೀರ ತಣ್ಣಗಿದ್ರೂ ನಂಬಬೇಡ ಬೋಜಣ್ಣ, ಓಡೋ ಬೇರಿಂಗು ಬೆಚ್ಚಗಿರಬೇಕು, ಜೀವ ಇರೋ ಕೈಯಿ ಇದ್ದಂಗೆ" ಎಂದು ನಾನು ಮೊದಲ ವಾರವೇ ಪಾಠ ಹೇಳಿದ್ದೆ. "ಆಗಲಿ ಆಚಾರಿ" ಎಂದಿದ್ದ.

ಕೊಬ್ಬಿನ ಪೀಪಾಯಿ ಎಷ್ಟು ದಿನ ಕಳೆದರೂ ಇಳಿಯಲೇ ಇಲ್ಲ. ಬೋಜಣ್ಣ ಬಲು ಮಿತವ್ಯಯದ ಮನುಷ್ಯ ಎಂದು ನಾನು ನಾಯರ್ ಮುಂದೆ ಹೊಗಳಿಯೂ ಬಿಟ್ಟೆ. ಆ ಮಳೆಯಲ್ಲಿ ನನಗೆ ಹಿಡಿದಿದ್ದ ನೆಗಡಿ ಬಿಟ್ಟಿರಲಿಲ್ಲ, ಮೇಲಾಗಿ ಗಿರಣಿಯ ತುಂಬ ತೊಗಟೆಯ ಕಹಿ ದೂಳು. ಮೂಗು ಇದ್ದೂ ಇಲ್ಲದಂತಾಗಿತ್ತು.

ಶ್ರಾವಣದಲ್ಲಿ ಮಳೆ ಒಂದಿಷ್ಟು ತೆರಪು ಕೊಟ್ಟಿತು. ಅಷ್ಟು ಹೊತ್ತಿಗೆ ಕೆಳಗಿನ ಕಾಡುಗಳಲ್ಲಿ ಜ್ವರ ಎದ್ದಿತ್ತು. ಪುಡಿ ಬೇಕು, ಇನ್ನೂ ಬೇಕು ಎಂದು ಗೂಡಲೂರಿನಿಂದ ಆಳು ಮೇಲೆ ಆಳು. ನಾಯರ್ ನೀರು ಹೆಚ್ಚು ಬಿಡಿಸಿ ಬೆಳಗಿನಿಂದ ಸಂಜೆಯ ತನಕ ಉರುಳೆ ನಿಲ್ಲದಂತೆ ಓಡಿಸಿದರು. ಅಂಥದೊಂದು ಮಧ್ಯಾಹ್ನ ನನ್ನ ನೆಗಡಿ ಬಿಟ್ಟ ಮೂಗಿಗೆ ತುಪ್ಪ ಸುಟ್ಟ ವಾಸನೆ ಬಡಿಯಿತು. ನಾಯರ್ ಮನೆಯಲ್ಲಿ ಇವತ್ತು ಏನು ವಿಶೇಷ ಎಂದುಕೊಂಡೆ. ಮರುಗಳಿಗೆಯೇ ಶಾಫ್ಟು ಕಿರುಚಿತು. ಹಂದಿ ಕೊಯ್ಯುವಾಗಿನ ಕಿರುಚಾಟ. ನಾನು ತೂಬಿಗೆ ಓಡಿ ಹಲಗೆ ಇಳಿಸುವಷ್ಟರಲ್ಲಿ ಚಕ್ರ ತಾನಾಗಿಯೇ ನಿಂತಿತ್ತು.

ಬೇರಿಂಗಿನ ಮುಚ್ಚಳ ಬಿಚ್ಚಿ ನೋಡಿದೆ. ಕಂಚು ಎರಡು ಕಡೆ ಸೀಳಿತ್ತು. ಶಾಫ್ಟಿನ ಮೇಲೆ ನೇಗಿಲ ಸಾಲಿನಂಥ ಗೀರುಗಳು. ಕಂಚಿನ ಮೂಲೆಗಳಲ್ಲಿ ಹಸಿರು ಮೆತ್ತಿಕೊಂಡಿತ್ತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ತುಪ್ಪ ಇಟ್ಟರೆ ಏಳುವ ಅದೇ ಕಿಲುಬು, ಯಾವ ಅಡಿಗೆಮನೆಯ ಹೆಂಗಸಿಗೂ ಗೊತ್ತಿರುವಂಥದ್ದು. ಅದಕ್ಕೆ ತೊಗಟೆಯ ದೂಳು ಕಲಸಿಕೊಂಡು ಸಾಣೆಯ ಹಿಟ್ಟಾಗಿತ್ತು. ನಾನು ತಲೆ ಎತ್ತಿ ಬೋಜಣ್ಣನನ್ನು ನೋಡಿದೆ. ಅವನ ಕೈಯಲ್ಲಿ ಒಂದು ಬಿದಿರಿನ ಅಂಡೆ ಇತ್ತು.

"ಏನದು ಬೋಜಣ್ಣ, ಅಂಡೇಲಿ?"

"ತುಪ್ಪ."

"ಯಾವ ತುಪ್ಪ?"

"ನಂಗ ಎಮ್ಮೆಯ ತುಪ್ಪ." ನಮ್ಮ ಮನೆಯ ಎಮ್ಮೆಯದು ಎಂದರ್ಥ.

ನನ್ನ ಬಾಯಿಗೆ ಬಂದ ಮಾತು ಬೇರೆ ಇತ್ತು. ನಾಯರ್ ಬಾಗಿಲಲ್ಲಿ ಕಾಣಿಸಿದ್ದರಿಂದ ನುಂಗಿಕೊಂಡು, ಅವನನ್ನು ಹಳ್ಳದ ಕಡೆ ಕರೆದುಕೊಂಡು ಹೋದೆ. ಅಲ್ಲಿ ಅವನು ಕಲ್ಲಿನ ಮೇಲೆ ಕೂತು, ನಾನು ಕೇಳದೆಯೇ ಹೇಳಿದ.

"ಆ ಪೀಪಾಯಿಲಿ ಇರುವುದು ಹಸುವಿನ ಕೊಬ್ಬು ಆಚಾರಿ. ಅದ ಮುಟ್ಟಿದ ಕೈಲಿ ನಾ ಮನೆಗ ಹೋಗಿ ಹಾಲ ಕರೆವದು ಹೇಂಗೆ? ನಂಗ ಮನೆಯ ಒಳಗ ಹಾಲಿನ ಕೋಣೆ ಇದೆ, ಹಾಗೋಟು. ಹೆಂಗಸರೂ ಕಾಲಿಡದ ಜಾಗ. ಅಲ್ಲಿಗ ಈ ಕೈಯ ತಕ್ಕೊಂಡು ಹೋಗುವದಾ?"

"ಹಂಗಾದ್ರೆ ಮೊದಲೇ ಹೇಳೋದಲ್ವಾ? ಹರಳೆಣ್ಣೆ ತರಿಸ್ತಿದ್ದೆ."

"ಹೇಳಿದರೆ, ಮುಟ್ಟುವ ಆಳ ತರುತ್ತೇನೆ ಎಂದು ರೈಟರು ಎನ್ನ ಕಳಿಸಿಬಿಡುತ್ತಿದ್ದರು. ಎನಗ ಬೇರೆ ಏನ ಗೊತ್ತಿಲ್ಲೆ. ತುಪ್ಪ ಕೆಟ್ಟದಾ? ದೇವರಿಗ ಅದೇ. ಸಾಯುವವರ ಬಾಯಿಗೂ ಚಿನ್ನದ ಹಣವ ತುಪ್ಪದಲ್ಲಿ ಅದ್ದಿಯೇ ಇಡುವದು. ಅದಕಿಂತ ಮೇಲಾದ್ದು ನಂಗ ಹಟ್ಟಿಲಿ ಇಲ್ಲೆ. ಮನೆಯಲ್ಲಿ ಒಬ್ಬರ ಎಲೆಗೂ ಹಾಕದೆ ಇಲ್ಲಿಗ ತಂದೆ."

ನಾನು ಬಯ್ಯಲು ಸಿದ್ಧವಾಗಿ ಹೋದವನು. ಇಡೀ ಮಳೆಗಾಲ ಮನೆಮಂದಿಗೆ ಇಲ್ಲದಂತೆ ಮಾಡಿ, ತನ್ನಲ್ಲಿದ್ದ ಶ್ರೇಷ್ಠವಾದುದನ್ನು ಒಂದು ಕಬ್ಬಿಣದ ಕಂಬಕ್ಕೆ ಸುರಿದ ಮನುಷ್ಯನಿಗೆ ಏನು ಬಯ್ಯುವುದು? ಇಂಥ ತಪ್ಪು ಮಾಡಲು ಬಡಗನೇ ಆಗಬೇಕು ಎಂದುಕೊಂಡೆ. ನನಗೆ ಅಳುವೂ ಬಂತು, ನಗುವೂ ಬಂತು.

ನಾಯರ್ ಕೇಳಿದಾಗ ತುಪ್ಪದ ಮಾತೆತ್ತದೆ, ದೂಳು ಏಳುವ ಜಾಗಕ್ಕೆ ಗನ್ ಮೆಟಲ್ ಸರಿಹೋಗುವುದಿಲ್ಲ, ಬಿದ್ದ ದೂಳನ್ನು ಅದು ನುಂಗುವುದಿಲ್ಲ, ಶಾಫ್ಟಿಗೆ ಉಜ್ಜುತ್ತದೆ ಎಂದೆ. ಅದು ನಿಜ. ಕೊಬ್ಬು ಹಾಕಿದ್ದರೂ ಒಂದೆರಡು ವರ್ಷದಲ್ಲಿ ಅದು ಹೋಗುತ್ತಿತ್ತು. ಅದನ್ನು ಸುಳ್ಳು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ.

"ಶರಿ ಮೇಸ್ತ್ರೀ, ಮಿಲ್ ಇನಿ ಎಪ್ಪೋ ಓಡುಂ?" ಎಂದರು ನಾಯರ್. ಯಾವಾಗ ಓಡುತ್ತದೆ ಎನ್ನುವುದೇ ಅವರ ಚಿಂತೆ. ಯುದ್ಧದಲ್ಲಿ ಹಡಗು ಬರುತ್ತಿರಲಿಲ್ಲ, ಸೀಮೆಯಿಂದ ಹೊಸ ಬೇರಿಂಗು ಬರುವ ಮಾತೇ ಇಲ್ಲ. ಲೈನಿನ ಹೆಂಗಸರನ್ನು ಕೂರಿಸಿ ಒರಳಲ್ಲಿ ತೊಗಟೆ ಕುಟ್ಟಿಸಿದರು. ಸಂಜೆಗೆ ಕೈತುಂಬ ಬೊಬ್ಬೆ, ಚೀಲದ ತಳ ಮುಚ್ಚುವಷ್ಟು ಪುಡಿ. ಅದು ದೇವಾಲದ ಲೈನುಗಳಿಗೇ ಸಾಲುತ್ತಿರಲಿಲ್ಲ.

ಸೀಳಿದ್ದ ಹಳೆಯ ಹಾಜರಿ ಗಂಟೆಯನ್ನು ನಾಯರ್ ಹೊರಿಸಿಕೊಂಡು ಬಂದರು, ಕರಗಿಸಿ ಎರಕ ಹೊಯ್ಯಿ ಎಂದು. ನಾನು ಅದನ್ನು ಬೆರಳ ಗೆಣ್ಣಿನಿಂದ ಬಡಿದೆ. ಒಡೆದ ಗಂಟೆಯೂ ಣಣ್ ಎಂದಿತು. ಹಾಗೆ ದನಿ ಕೊಡುವ ಕಂಚು ಗಟ್ಟಿ ಮತ್ತು ಪೆಡಸು. ಗೀರಿದ ಶಾಫ್ಟನ್ನು ಇನ್ನಷ್ಟು ತಿಂದುಹಾಕುತ್ತದೆ. ಆಮೇಲೆ ಟೀ ಪೆಟ್ಟಿಗೆಗಳ ಒಳಗೆ ಹಾಸುವ ಸೀಸದ ಹಾಳೆ ಕೊಟ್ಟರು. ಅದು ಉರುಳೆಯ ಭಾರಕ್ಕೆ ಬೆಣ್ಣೆಯ ಹಾಗೆ ಹಿಂಡಿಹೋಗುತ್ತದೆ. ಗೂಡಲೂರಿನ ಕಲಾಯಿ ಸಾಬಿಯ ಹತ್ತಿರ ತವರವಿತ್ತು. ಪಾತ್ರೆಗೆ ಬಳಿಯುವಷ್ಟು ಇತ್ತು, ಬೇರಿಂಗಿಗೆ ಸಾಲದು. ಒಂದೊಂದನ್ನೂ ಬೇಡ ಬೇಡ ಎನ್ನುತ್ತ ಹೋದಂತೆ ನಾಯರ್ ಮುಖ ಬಿಗಿಯುತ್ತಿತ್ತು. ನನಗೂ ನನ್ನ ಮೇಲೆ ಬೇಸರ ಬಂದಿತ್ತು. ಬೇಡ ಎನ್ನುವುದಕ್ಕೆ ಫಿಟರ್ ಯಾಕೆ ಬೇಕು?

ಅಪ್ಪನ ನೆನಪಾದದ್ದು ಆಗ. ಗಾಡಿಯ ಅಚ್ಚಿಗೆ ಅವನು ದಿಂಡಿಗದ ಮರ ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ. ಹೊರೆ ಹೊತ್ತು ವರ್ಷಗಟ್ಟಲೆ ಉಜ್ಜಿಸಿಕೊಂಡರೂ ಆ ಮರ ಸಿಬಿರೇಳುವುದಿಲ್ಲ, ನುಣುಪಾಗುತ್ತದೆ. ಮರದ ಬೇರಿಂಗಿಗೆ ಕೊಬ್ಬೂ ಬೇಡ, ತುಪ್ಪವೂ ಬೇಡ, ಹನಿಹನಿಯಾಗಿ ನೀರು ಬಿದ್ದರೆ ಸಾಕು. ಆ ನೀರೇ ದೂಳನ್ನೂ ತೊಳೆದುಕೊಂಡು ಹೋಗುತ್ತದೆ. ನೀರಿಗೆ ನಮ್ಮಲ್ಲಿ ಬರವೇ? ಆದರೆ ಹಸಿ ಮರ ಒಣಗಿದಂತೆ ಕುಗ್ಗಿ ಸಡಿಲವಾಗುತ್ತದೆ. ಚೆನ್ನಾಗಿ ಹಳತಾದ ದಿಂಡಿಗ ಬೇಕು.

"ಮಸಿನಗುಡಿ ಕಡೆ ಅದೇ ಮರದ ಕಾಡು" ಎಂದ ಬೋಜಣ್ಣ. "ಎನ್ನ ಮಗಳ ಅಲ್ಲಿಗೇ ಕೊಟ್ಟಿರುವದು. ಅವಳ ಮಾವನ ಮುರಿದ ಗಾಡಿ ಒಂದು ಕೊಟ್ಟಿಗೆಲಿ ಬಿದ್ದಿದೆ."

ಜ್ವರದ ಸೀಮೆಗೆ ಹೋಗುವುದೆಂದು ನಾನು ಒಂದು ಪೊಟ್ಟಣ ಕುಟ್ಟಿದ ಪುಡಿ ಕಟ್ಟಿಕೊಂಡೆ. ಗೂಡಲೂರಿಗೆ ಇಳಿದು, ಅಲ್ಲಿಂದ ಕಾಡಿನ ಗಾಡಿದಾರಿ ಹಿಡಿದು ನಡೆದೆವು. ಬೆಟ್ಟದ ಆ ಮಗ್ಗುಲಲ್ಲಿ ಸುರಿಯುವ ಮಳೆ ಈ ಮಗ್ಗುಲಿಗೆ ಅಷ್ಟಾಗಿ ಬರುವುದಿಲ್ಲ. ಅಲ್ಲಲ್ಲಿ ನಿಂತ ನೀರು, ಮೇಲೆ ಬಿಸಿಲು, ಕಿವಿಯ ಸುತ್ತ ಸೊಳ್ಳೆ. ದಾರಿಯಲ್ಲಿ ಸಿಕ್ಕ ಹಟ್ಟಿಗಳಲ್ಲಿ ನಾಯಿ ಮಾತ್ರ ಹೊರಗೆ ಬಂದು ಬೊಗಳುತ್ತಿತ್ತು. ಬಾಗಿಲು ತೆರೆದಿದ್ದ ಮನೆಗಳ ಒಳಗೆ ಕಂಬಳಿಯ ಗುಡ್ಡೆಗಳು ನಡುಗುತ್ತಿದ್ದವು. ಬೋಜಣ್ಣ ಹೆಜ್ಜೆ ಜೋರು ಮಾಡಿದ.

ಅವನ ಮಗಳು ಮಾದಿ ಅಂಗಳದಲ್ಲಿ ಕೂತು ಸಾಮೆ ಕೇರುತ್ತಿದ್ದಳು. ಅಪ್ಪನನ್ನು ಕಂಡವಳೇ ಮೊರ ಇಟ್ಟು ಬಂದು ತಲೆ ಬಾಗಿಸಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, "ಒಂದು ಸಾವಿರ ಆಗಲಿ" ಎಂದು ಹರಸಿದ. ಹರಸಿದ ಕೈ ಹಾಗೆಯೇ ಇಳಿದು, ಮಗುಚಿಕೊಂಡು, ಅವಳ ಹಣೆಗೆ ಹೋಯಿತು.

"ಇವತ್ತು ಇಲ್ಲೆ ಅಪ್ಪ" ಎಂದು ಅವಳು ನಕ್ಕಳು. "ನಿನ್ನೆ ಇತ್ತು. ನಾಳೆ ಬತ್ತದೆ. ಒಂದು ದಿನ ಬಿಟ್ಟು ಒಂದು ದಿನ. ನೀ ಒಳ್ಳೆಯ ದಿನ ನೋಡಿ ಬಂದೆ."

ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಕಣ್ಣಿನ ಬಿಳಿ ಹಳದಿಯಾಗಿತ್ತು. ಒಳಗೆ ಅವಳ ಗಂಡ ಏಳಲಾರದೆ ಮಲಗಿದ್ದ. ಮಗುವೊಂದು ತೊಟ್ಟಿಲಲ್ಲಿತ್ತು. ನಾವು ಬಂದ ಕಾರಣ ಕೇಳಿ, ಬೇರಿಂಗು ತುಪ್ಪ ಕುಡಿದ ಕತೆ ಅಪ್ಪನ ಬಾಯಿಂದಲೇ ಹೊರಡಿಸಿ, ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಕೇಳಿದಿರಾ ಅಣ್ಣ, ಮಿಷಿನುಗ ಎಮ್ಮೆತುಪ್ಪವ ಉಣ್ಣಿಸಿದಾನೆ ಎನ್ನಪ್ಪ! ಎನಗ ಬಾಣಂತನಕೂ ಅಷ್ಟು ತಂದಿಲ್ಲೆ."

"ಮುಂದಿನ ಸರ್ತಿ ತಪ್ಪದೆ ತರುವೆ" ಎಂದ ಬೋಜಣ್ಣ, ನೆಲ ನೋಡುತ್ತ.

ಕೊಟ್ಟಿಗೆಯಲ್ಲಿ ಗಾಡಿಯ ಅಚ್ಚು ಸಗಣಿಯ ಗುಡ್ಡೆಯ ಹಿಂದೆ ಬಿದ್ದಿತ್ತು. ಒರೆಸಿ ನೋಡಿದೆ. ತಲೆಮಾರು ಹಳೆಯ ದಿಂಡಿಗ, ಹರಳೆಣ್ಣೆ ಕುಡಿದು ಕುಡಿದು ಕಪ್ಪಾಗಿತ್ತು. ಉಗುರು ಒತ್ತಿದರೆ ಇಳಿಯದು, ಕಲ್ಲಿನಿಂದ ಬಡಿದರೆ ಟಕ್ ಎಂದು ಸುಮ್ಮನಾಗುವುದು. ಅಪ್ಪ ಇದ್ದಿದ್ದರೆ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ನಾನೂ ಯಾರೂ ನೋಡದಾಗ ಹಾಗೇ ಮಾಡಿದೆ.

ಹೊರಡುವಾಗ ನನ್ನ ಪೊಟ್ಟಣವನ್ನು ಮಾದಿಯ ಕೈಗೆ ಕೊಟ್ಟು, ನೀನು ಕುಡಿಯಮ್ಮ ಎಂದೆ. ಅವಳು ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು.

"ಇದು ಇವರಿಗ ಒಂದು ಹೊತ್ತು. ಪಕ್ಕದ ಮನೇಲಿ ಮಕ್ಕ ಇದ್ದಾರೆ, ಅವರಿಗ ಒಂದು ಹೊತ್ತು. ಎನ್ನ ಸರದಿ ಬರುವದು ಒಂದು ಚೀಲ ಬಂದಾಗ. ಎಲ್ಲರಿಗೂ ಆಗುವಷ್ಟು ತಾ ಅಪ್ಪ. ಅಲ್ಲಿಗಂಟ ನಾ ಇರಿನೆ."

"ನೀ ಎಂಗ ಕೂಡ ಬೆಟ್ಟಕ ಬಂದುಬಿಡು. ಅಲ್ಲಿ ಜ್ವರ ಇಲ್ಲೆ."

"ಇವರ ನೋಡುವದು ಯಾರು?"

ಅಚ್ಚನ್ನು ಇಬ್ಬರೂ ಹೆಗಲು ಬದಲಾಯಿಸುತ್ತ ಹೊತ್ತುಕೊಂಡು ಬಂದೆವು. ಘಾಟಿ ಹತ್ತುವಾಗ ಬೋಜಣ್ಣ, "ಒಂದು ಚೀಲ ಎಂದಳಲ್ಲ" ಎಂದ.

ಆಮೇಲಿನ ದಿನಗಳಲ್ಲಿ ಮಾಡಿದಷ್ಟು ಭಕ್ತಿಯಿಂದ ನಾನು ಇನ್ನು ಯಾವ ಕೆಲಸವನ್ನೂ ಮಾಡಿಲ್ಲ. ಗೀರಿದ ಶಾಫ್ಟನ್ನು ಅರದಿಂದ ತಿಕ್ಕಿ, ಮರಳು ಕಾಗದದಿಂದ ಉಜ್ಜಿ, ಕೂದಲು ಎಳೆದರೂ ತಡೆಯದಷ್ಟು ನುಣುಪು ಮಾಡಿದೆ. ಅಚ್ಚನ್ನು ತುಂಡು ತುಂಡಾಗಿ ಕೊಯ್ದೆ. ಮರದ ನಾರು ಶಾಫ್ಟಿಗೆ ಎದುರಾಗಿ ನಿಲ್ಲುವಂತೆ ತುಂಡುಗಳನ್ನು ಕೂರಿಸಬೇಕು. ಮಲಗಿದ ನಾರು ಸಿಬಿರಾಗಿ ಏಳುತ್ತದೆ, ನಿಂತ ನಾರು ಸವೆದಷ್ಟೂ ನಯವಾಗುತ್ತದೆ. ತುಂಡುಗಳನ್ನು ಹರಳೆಣ್ಣೆಯಲ್ಲಿ ಕುದಿಸಿದೆವು. ಹಳ್ಳದಿಂದ ಬಿದಿರಿನ ದೋಣಿ ಹಾಕಿ ಬೇರಿಂಗಿನ ನೆತ್ತಿಗೆ ಹನಿ ಬೀಳುವಂತೆ ಮಾಡಿದೆವು. ಒಣಪುಡಿಗೆ ನೀರು ಸಿಡಿಯದಂತೆ ಸೀಮೆಎಣ್ಣೆ ಡಬ್ಬದ ತಗಡನ್ನು ಅಡ್ಡ ಕಟ್ಟಿದೆವು. ಬೋಜಣ್ಣ ಊಟಕ್ಕೂ ಏಳುತ್ತಿರಲಿಲ್ಲ. ಅವನು ತುಂಡುಗಳನ್ನು ಉಜ್ಜುತ್ತಿದ್ದ ರೀತಿ ನೋಡಿ ನಾನು, ಸಾಕು ಬಿಡು, ಇನ್ನು ಉಜ್ಜಿದರೆ ಮುಗಿದೇ ಹೋಗುತ್ತದೆ ಎಂದು ಗದರಬೇಕಾಯಿತು. ನಡುವೆ ಒಮ್ಮೆ ಒಂದಿಷ್ಟು ಕುಟ್ಟಿದ ಪುಡಿಯನ್ನು ಆ ಕಡೆ ಹೋಗುವವನ ಕೈಲಿ ಕಳಿಸಿದೆವು. ಮಾದಿ ಅದನ್ನೂ ಹಟ್ಟಿಗೆ ಹಂಚಿದಳಂತೆ.

ತೂಬು ಎತ್ತುವಾಗ ನಾಯರ್ ಕೊಡೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಚಕ್ರ ಮೆಲ್ಲನೆ ಹೊರಳಿತು. ಮರದ ಹಾಸಿಗೆಯಲ್ಲಿ ಶಾಫ್ಟು ಸದ್ದೇ ಇಲ್ಲದೆ ತಿರುಗಿತು. ಕಂಚಿನಲ್ಲಿ ಇದ್ದ ಗುರುಗುರು ಕೂಡ ಇಲ್ಲ. ಬೋಜಣ್ಣ ಬೆರಳ ಹಿಂಭಾಗ ಇಟ್ಟು ನೋಡಿ, ಒಂದು ಗಳಿಗೆ ಕಾದು, ಮತ್ತೆ ಇಟ್ಟು, ನನ್ನ ಕಡೆ ತಲೆಯಾಡಿಸಿದ. ಮಧ್ಯಾಹ್ನದ ಹೊತ್ತಿಗೆ ಚೀಲ ತುಂಬತೊಡಗಿತು.

ಮೊದಲ ಚೀಲ ದೇವಾಲಕ್ಕೆ ಎಂದರು ನಾಯರ್. ನಾನು ಅಚ್ಚು ಯಾರ ಮನೆಯದು ಎಂದು ಹೇಳಿದೆ. ಅವರು ಬೋಜಣ್ಣನನ್ನು, ಅವನ ಕೈಯಲ್ಲಾಗಲೇ ಇದ್ದ ಹಗ್ಗವನ್ನು ನೋಡಿದರು. "ಕೊಂಡು ಪೋ" ಎಂದರು. ಅಷ್ಟೇ. ಚೀಲ ಬೆನ್ನಿಗೆ ಕಟ್ಟಿಕೊಂಡು, ಮನೆಗೆ ಹೋಗಿ ತುಪ್ಪದ ಅಂಡೆಯನ್ನೂ ತುಂಬಿಸಿ ಕೈಯಲ್ಲಿ ಹಿಡಿದು, ಬೋಜಣ್ಣ ಘಾಟಿ ಇಳಿದ. ಅವನ ಮುಖದಲ್ಲಿ ನಗು ನೋಡಿದ್ದು ನಾನು ಅದೊಂದೇ ಸಲ.

ಅವನು ಹಿಂದಿರುಗುವ ಹೊತ್ತಿಗೆ ಮಳೆ ಪೂರ್ತಿ ಬಿಟ್ಟಿತ್ತು. ಗಿರಣಿ ನಿಲ್ಲದೆ ಓಡುತ್ತಿತ್ತು, ಮಸಿನಗುಡಿ ಕಡೆಗೂ ಚೀಲಗಳು ಹೋಗುತ್ತಿದ್ದವು. ಆ ಹಟ್ಟಿಯಲ್ಲಿ ಜನ ಎದ್ದು ಓಡಾಡುತ್ತಿದ್ದಾರೆ, ಬೋಜಣ್ಣನ ಅಳಿಯನೂ ಎದ್ದು ಕೂತಿದ್ದಾನೆ ಎಂದು ಹೊರೆಯಾಳುಗಳು ಸುದ್ದಿ ತಂದಿದ್ದರು. ಮಾದಿಯ ಹೆಸರನ್ನು ಅವರು ಎತ್ತಲಿಲ್ಲ, ನಾನೂ ಹೆದರಿ ಕೇಳಲಿಲ್ಲ. ಒಂದು ಬೆಳಿಗ್ಗೆ ನಾನು ಉರುಳೆಗೆ ತೊಗಟೆ ಸುರಿಸುತ್ತಿದ್ದಾಗ ಬೋಜಣ್ಣ ಒಳಗೆ ಬಂದ. ಬೆನ್ನಿಗೆ ಕಟ್ಟಿದ ಬಟ್ಟೆಯಲ್ಲಿ ಮೊಮ್ಮಗು ನಿದ್ದೆ ಮಾಡುತ್ತಿತ್ತು. ನನ್ನನ್ನು ಮಾತಾಡಿಸದೆ ನೇರ ಬೇರಿಂಗಿನ ಹತ್ತಿರ ಹೋಗಿ, ಬೆರಳ ಹಿಂಭಾಗ ಅದರ ಮೇಲೆ ಇಟ್ಟ. ಇಟ್ಟವನು ತೆಗೆಯಲಿಲ್ಲ.

"ಮಾದಿ?" ಎಂದೆ.

"ನಾ ಹೋದಾಗ ಕಣ್ಣು ಬಿಟ್ಟಳು. ಚೀಲವ ಮುಟ್ಟಿ ನೋಡಿದಳು." ಅವನು ಬೇರಿಂಗನ್ನೇ ನೋಡುತ್ತಿದ್ದ. "ತುಪ್ಪ ತಂದೆನವ್ವೆ ಎಂದೆ. ಕುಡಿವದಕ ಆಗಲಿಲ್ಲೆ. ಮಾರನೆ ದಿನ ಚಿನ್ನದ ಹಣವ ಅದರಲ್ಲಿ ಅದ್ದಿ ಬಾಯಿಗ ಇಟ್ಟೆ."

ನೀರು ಹನಿ ಹನಿಯಾಗಿ ಅವನ ಕೈಯ ಮೇಲೆ ಬೀಳುತ್ತಿತ್ತು.

"ಇದು ಬೆಚ್ಚಗ ಇದೆ ಆಚಾರಿ" ಎಂದ. ಆಮೇಲೆ ಗೋಡೆಗೆ ಒರಗಿ ಕೂತು, ಮಗುವನ್ನು ಎದೆಗೆ ಎಳೆದುಕೊಂಡು, ಗಟ್ಟಿಯಾಗಿ ಅತ್ತ. ನಾನೂ ಅತ್ತೆ. ತೂಬು ಮುಚ್ಚಲೇ ಎಂದು ಕೇಳಿದೆ. ಬೇಡ ಎಂದು ಕೈ ಮಾಡಿದ.

ದೀಪಾವಳಿಗೆ ನಾನು ಬೆಟ್ಟ ಇಳಿದೆ. ನಾನು ಹೋಗುವ ಮುಂಚೆಯೇ ನಾಯರ್ ಆ ಕೊಬ್ಬಿನ ಪೀಪಾಯಿಯನ್ನು ಗಿರಣಿಯಿಂದ ಹೊರಗೆ ಹಾಕಿಸಿದ್ದರು. ಇನ್ನು ಬೇಕಾಗಿರಲಿಲ್ಲ. ಬೋಜಣ್ಣ ಕೆಲಸದಲ್ಲೇ ಉಳಿದ. ದಿಂಡಿಗದ ಬೇರಿಂಗು ಯುದ್ಧ ಮುಗಿದ ಮೇಲೂ ಓಡುತ್ತಿತ್ತು ಎಂದು ಆ ಕಡೆಯಿಂದ ಬಂದ ಯಾರೋ ಹೇಳಿದರು. ನಾನು ಆಮೇಲೆ ದೊಡ್ಡ ದೊಡ್ಡ ಗಿರಣಿಗಳಲ್ಲಿ ಬೇರಿಂಗಿಗೆ ಬಿಳಿ ಲೋಹ, ಕಂಚು, ಉಕ್ಕಿನ ಗುಂಡು ಎಲ್ಲ ಹಾಕಿದ್ದೇನೆ. ಯಾವುದನ್ನು ಹಾಕಿದರೂ ಕೊನೆಗೆ ಕೈ ಮಗುಚಿ ಮುಟ್ಟಿ ನೋಡುವುದನ್ನು ಬೋಜಣ್ಣನಿಂದ ಕಲಿತೆ, ಬಿಡಲಾಗಲಿಲ್ಲ.

ಹೋಮ ಮುಗಿದು ಊಟಕ್ಕೆ ಕೂತೆವು. ಮೊಮ್ಮಗಳು ಹೋಳಿಗೆ ಬಡಿಸಿ, ತುಪ್ಪದ ಗಿಂಡಿ ಹಿಡಿದು ನನ್ನ ಮುಂದೆ ಬಗ್ಗಿದಳು. ಬೆಳಗಿನಿಂದ ಓಡಾಡಿ ಅವಳ ಮುಖ ಬಾಡಿತ್ತು. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ.

"ಮೊದಲು ನೀನು ಹಾಕ್ಕೊಂಡು ತಿನ್ನು."

"ಏನ್ ತಾತ ನೀವು, ಬಡಿಸೋರು ಕೊನೇಲಿ ಅಲ್ವಾ ಊಟ ಮಾಡೋದು?"

"ಗೊತ್ತಮ್ಮ" ಎಂದೆ. "ಇವತ್ತು ನೀನು ಮೊದಲು ತಿನ್ನು."